ಕಾಲೇಜಿನ ಮೈದಾನಕ್ಕೆ ಹೈಸ್ಕೂಲಿನ ಬ್ಯಾಂಡ್

(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ಶಾಲೆಯ ಕಟ್ಟಡ, ಕೊಠಡಿ, ಫಲಿತಾಂಶದ ಬಗ್ಗೆ ನನಗಿಂತ ಚೆನ್ನಾಗಿ ಬಲ್ಲವರು ಮಾತನಾಡಿದ್ದಾರೆ. ಕಾಲೇಜಿನಲ್ಲಿ ದೈಹಿಕ ಶಿಕ್ಷಣ ನಿರ್ದೇಶಕನಾಗಿ ಕೆಲಸ ಮಾಡಿ ನಿವೃತ್ತನಾದ ನಾನು ನನಗೆ ಕೊಟ್ಟಿರುವ ಹತ್ತು ನಿಮಿಷದಲ್ಲಿ ಒಂದೇ ವಿಷಯ ಹೇಳುತ್ತೇನೆ. ನಮ್ಮ ಸುತ್ತಿನ ಕಾಲೇಜುಗಳು ತಮ್ಮ ಕ್ರೀಡಾಕೂಟಕ್ಕೆ ಹಳ್ಳಿಯ ಸರ್ಕಾರಿ ಹೈಸ್ಕೂಲಿನ ಬ್ಯಾಂಡನ್ನು ಕರೆಯಬೇಕು. ಕರೆಯುವ ರೀತಿಯಲ್ಲಿ ಕರೆಯಬೇಕು.

ಬ್ಯಾಂಡ್ ನಮಗೆ ಹೊರಗಿನದಲ್ಲ. ಮೈಸೂರು ಅರಮನೆಯಲ್ಲಿ ಇಂಗ್ಲಿಷ್ ಬ್ಯಾಂಡೂ ಇತ್ತು, ಕರ್ನಾಟಕ ಸಂಗೀತ ನುಡಿಸುವ ಬ್ಯಾಂಡೂ ಇತ್ತು. ಆ ಪರಂಪರೆಯನ್ನು ಇಂದು ಪೊಲೀಸ್ ಬ್ಯಾಂಡ್ ಉಳಿಸಿಕೊಂಡು ಬಂದಿದೆ. ಜಂಬೂಸವಾರಿ ನೋಡಲು ಹೋದವರು ಅದನ್ನು ಕಂಡಿದ್ದೀರಿ. ಇನ್ನು ಹಳ್ಳಿಗೆ ಬಂದರೆ, ನಮ್ಮ ಮಂಡ್ಯ ಸೀಮೆಯ ಪೂಜಾ ಕುಣಿತದಲ್ಲಿ ತಮಟೆಗೂ ಹೆಜ್ಜೆಗೂ ಇರುವ ಹೊಂದಾಣಿಕೆಯನ್ನು ಯಾರೂ ನಮಗೆ ಕಲಿಸಬೇಕಾಗಿಲ್ಲ.

ಆದರೆ ಶಾಲೆಯ ಬ್ಯಾಂಡು ಊರಹಬ್ಬದ ವಾದ್ಯಕ್ಕಿಂತ ಒಂದು ಹೆಜ್ಜೆ ಮುಂದೆ ಹೋಯಿತು. ತಮಟೆ ಯಾರು ಹಿಡಿಯಬೇಕು, ಎಲ್ಲಿ ನಿಂತು ಬಡಿಯಬೇಕು ಎಂಬುದನ್ನು ಹುಟ್ಟಿನಿಂದಲೇ ಗೊತ್ತು ಮಾಡಿದ್ದ ಕಾಲವಿತ್ತು. ಶಾಲೆಯ ಬ್ಯಾಂಡಿನಲ್ಲಿ ಆ ಲೆಕ್ಕವಿಲ್ಲ. ಯಾರ ಕೈಯಲ್ಲಿ ತಾಳ ನಿಲ್ಲುತ್ತದೋ ಅವರ ಕೊರಳಿಗೆ ಡ್ರಂ. ಯಾರಿಗೆ ಉಸಿರಿದೆಯೋ ಅವರಿಗೆ ಬ್ಯೂಗಲ್. ಎಲ್ಲ ಕೇರಿಯ ಮಕ್ಕಳೂ, ಗಂಡುಮಕ್ಕಳೂ ಹೆಣ್ಣುಮಕ್ಕಳೂ ಒಂದೇ ಸಾಲಿನಲ್ಲಿ, ಒಂದೇ ಹೆಜ್ಜೆಯಲ್ಲಿ ಊರ ಮುಂದೆ ನಡೆದರು. ಇದು ಸಣ್ಣ ಮಾತಲ್ಲ.

ಇಂದು ಎಷ್ಟೋ ಶಾಲೆಗಳಲ್ಲಿ ಬ್ಯಾಂಡ್ ಸೆಟ್ಟು ಬೀರುವಿನ ಮೇಲೆ ಧೂಳು ಹಿಡಿದಿದೆ. ಡ್ರಮ್ಮಿನ ಹೊದಿಕೆ ಹರಿದಿದೆ, ಹಗ್ಗ ಸಡಿಲವಾಗಿದೆ. 1938ರಲ್ಲಿ ಶಿವಪುರದಲ್ಲಿ ಧ್ವಜಕ್ಕಾಗಿ ಸತ್ಯಾಗ್ರಹ ನಡೆದ ತಾಲ್ಲೂಕು ನಮ್ಮದು. ಅಂಥ ತಾಲ್ಲೂಕಿನ ಮಕ್ಕಳು ಆಗಸ್ಟ್ 15ರಂದು ಸ್ಪೀಕರಿನಲ್ಲಿ ಹಾಕಿದ ರೆಕಾರ್ಡಿಗೆ ಹೆಜ್ಜೆ ಹಾಕಬೇಕೇ? ಬ್ಯಾಂಡು ಸುಮ್ಮನಾಗಲು ದುಡ್ಡಿನ ಕೊರತೆಯೊಂದೇ ಕಾರಣವಲ್ಲ. ವರ್ಷಕ್ಕೆ ಎರಡು ದಿನ ಮಾತ್ರ ಬೇಕಾಗುವ ವಿದ್ಯೆಯನ್ನು ಯಾವ ಮಗುವೂ ವರ್ಷವಿಡೀ ಅಭ್ಯಾಸ ಮಾಡುವುದಿಲ್ಲ. ನುಡಿಸಲು ಒಂದು ಮೈದಾನ ಬೇಕು, ಕೇಳಲು ಜನ ಬೇಕು.

ಅಮೆರಿಕದವರು ಇದಕ್ಕೆ ಒಂದು ದಾರಿ ಮಾಡಿಕೊಂಡಿದ್ದಾರೆ. ಅಲ್ಲಿಯ ಕಾಲೇಜು ಫುಟ್‌ಬಾಲ್ ನಮ್ಮ ಕಾಲ್ಚೆಂಡಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟ. ಅದರ ನಡುವಿನ 20 ನಿಮಿಷದ ವಿರಾಮ ಬ್ಯಾಂಡಿಗೆ ಮೀಸಲು. 1949ರಲ್ಲಿ ಮಿಷಿಗನ್ ವಿಶ್ವವಿದ್ಯಾನಿಲಯದ ಬ್ಯಾಂಡ್ ಮೇಷ್ಟ್ರು ವಿಲಿಯಂ ರೆವೆಲ್ಲಿ ಎಂಬುವರು ಆ ಸೀಮೆಯ ಹೈಸ್ಕೂಲು ಬ್ಯಾಂಡುಗಳನ್ನು ತಮ್ಮ ಕ್ರೀಡಾಂಗಣಕ್ಕೆ ಕರೆದು, ತಮ್ಮ ವಿದ್ಯಾರ್ಥಿಗಳ ಜೊತೆಗೇ ನುಡಿಸಿದರು. ಅದಕ್ಕೆ ‘ಬ್ಯಾಂಡ್ ಡೇ’ ಎಂದು ಹೆಸರು. ಬೇರೆ ವಿಶ್ವವಿದ್ಯಾನಿಲಯಗಳಲ್ಲೂ ಇಂಥ ದಿನಗಳು ನಡೆದವು. ರೆವೆಲ್ಲಿಯವರು ವಿಶ್ವವಿದ್ಯಾನಿಲಯಕ್ಕೆ ಬರುವ ಮೊದಲು ಹೋಬರ್ಟ್ ಎಂಬ ಸಣ್ಣ ಊರಿನ ಹೈಸ್ಕೂಲಿನಲ್ಲಿ ಬ್ಯಾಂಡ್ ಕಲಿಸಿದವರು. ಹೈಸ್ಕೂಲಿನ ಮಕ್ಕಳ ಶಕ್ತಿ ಏನೆಂದು ಅವರಿಗೆ ಗೊತ್ತಿತ್ತು.

ಅವರಷ್ಟು ದೊಡ್ಡ ಕ್ರೀಡಾಂಗಣ ನಮಗೆ ಬೇಡ. ಮದ್ದೂರು, ಮಳವಳ್ಳಿ, ಭಾರತೀನಗರ, ಮಂಡ್ಯ, ಎಲ್ಲ ಕಡೆಯೂ ಕಾಲೇಜುಗಳಿವೆ. ಅಲ್ಲಿ ವಾರ್ಷಿಕ ಕ್ರೀಡಾಕೂಟ ನಡೆಯುತ್ತದೆ, ಕಬಡ್ಡಿ ಪಂದ್ಯ ನಡೆಯುತ್ತದೆ. ಕಬಡ್ಡಿಯಲ್ಲಿ 20 ನಿಮಿಷದ ಎರಡು ಅವಧಿ, ನಡುವೆ 5 ನಿಮಿಷ ವಿರಾಮ. ಆ ಐದು ನಿಮಿಷದಲ್ಲಿ ಒಂದು ಹಾಡು ನುಡಿಸಿ ಅಂಕಣವನ್ನು ಒಂದು ಸುತ್ತು ಬರಬಹುದು. ಪಥಸಂಚಲನಕ್ಕಂತೂ ಬ್ಯಾಂಡು ಬೇಕೇ ಬೇಕು.

ದೊಡ್ಡ ಮೈದಾನ ಮಕ್ಕಳಿಗೆ ಏನು ಕಲಿಸುತ್ತದೆ? ಒಂದು ಲೆಕ್ಕ ಹೇಳುತ್ತೇನೆ, ಹೈಸ್ಕೂಲು ಮಕ್ಕಳು ಗಮನವಿಟ್ಟು ಕೇಳಿ. ಕವಾಯತಿನ ನಡಿಗೆ ನಿಮಿಷಕ್ಕೆ 120 ಹೆಜ್ಜೆ. ಅಂದರೆ ಒಂದು ಹೆಜ್ಜೆಗೆ ಅರ್ಧ ಸೆಕೆಂಡು. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. 100 ಮೀಟರ್ ಆಚೆ ಬಿದ್ದ ಡ್ರಮ್ಮಿನ ಪೆಟ್ಟು ಈಚೆಯವರ ಕಿವಿಗೆ ಮುಟ್ಟುವಷ್ಟರಲ್ಲಿ ಅರ್ಧ ಹೆಜ್ಜೆಗೂ ಹೆಚ್ಚು ಹೊತ್ತು ಕಳೆದಿರುತ್ತದೆ. ಕಿವಿಯನ್ನೇ ನಂಬಿದವರ ಹೆಜ್ಜೆ ತಪ್ಪುತ್ತದೆ. ಅದಕ್ಕೇ ಮುಂದೆ ಕೋಲು ಹಿಡಿದ ನಾಯಕನನ್ನು ಕಣ್ಣಿನಿಂದ ನೋಡಿ ನುಡಿಸಬೇಕು. ಶಾಲೆಯ ಅಂಗಳದಲ್ಲಿ ಈ ಪಾಠ ಗೊತ್ತಾಗುವುದಿಲ್ಲ. ಇಲ್ಲಿ ಸಂಗೀತವೂ ಇದೆ, ಭೌತಶಾಸ್ತ್ರವೂ ಇದೆ.

ಅದಕ್ಕಿಂತ ದೊಡ್ಡ ಲಾಭ ಇನ್ನೊಂದಿದೆ. ಮನೆಯಲ್ಲಿ ಯಾರೂ ಕಾಲೇಜಿನ ಮೆಟ್ಟಿಲು ಹತ್ತದ ಮಗುವಿಗೆ ಕಾಲೇಜು ಎಂದರೆ ಬಸ್ಸಿನ ಕಿಟಕಿಯಿಂದ ಕಾಣುವ ಒಂದು ಗೇಟು. ಆ ಗೇಟಿನೊಳಗೆ ಡ್ರಂ ಬಾರಿಸುತ್ತಾ ಹೋದ ಹುಡುಗಿಗೆ ಅದು ಪರಸ್ಥಳವಾಗಿ ಉಳಿಯುವುದಿಲ್ಲ. ಎಸ್‌.ಎಸ್‌.ಎಲ್‌.ಸಿ. ಮುಗಿದ ಮೇಲೆ ‘ಇನ್ನು ಓದು ಸಾಕು’ ಎಂದು ಮನೆಯಲ್ಲಿ ಹೇಳಿದಾಗ, ‘ನಾನು ಅಲ್ಲಿಗೆ ಹೋಗಿದ್ದೇನಪ್ಪ, ನನಗೆ ಗೊತ್ತು’ ಎಂದು ಹೇಳುವ ಧೈರ್ಯ ಅವಳಿಗೆ ಬರುತ್ತದೆ.

ಈಗ ಕರೆಯುವ ರೀತಿಯ ಮಾತು. ಒಂದು ಕ್ರೀಡಾಕೂಟದಲ್ಲಿ ನಾನೇ ಕಂಡದ್ದು. ಬ್ಯಾಂಡಿನ ಮಕ್ಕಳನ್ನು ಬೆಳಗ್ಗೆ 8ಕ್ಕೆ ಬರಹೇಳಿದ್ದರು. ಮುಖ್ಯ ಅತಿಥಿಗಳು ಬಂದದ್ದು ಹನ್ನೊಂದು ದಾಟಿದ ಮೇಲೆ. ಅಲ್ಲಿಯವರೆಗೆ ಮಕ್ಕಳು ಬಿಸಿಲಿನಲ್ಲಿ ನಿಂತಿದ್ದರು. ಅತಿಥಿಗಳನ್ನು ವೇದಿಕೆ ಹತ್ತಿಸಿದ ಮೇಲೆ ಅವರನ್ನು ‘ಊಟವಾಯಿತೇ’ ಎಂದು ಕೇಳಿದವರಿಲ್ಲ. ಹಾಗೆ ಕರೆಯುವುದಾದರೆ ಕರೆಯುವುದೇ ಬೇಡ. ಮಕ್ಕಳು ಅತಿಥಿಗಳನ್ನು ಎದುರುಗೊಳ್ಳುವ ಆಳುಗಳಲ್ಲ, ಅವರೇ ಅತಿಥಿಗಳು.

ಕರೆಯುವವರು ಮುಖ್ಯೋಪಾಧ್ಯಾಯರಿಗೆ ತಿಂಗಳು ಮೊದಲೇ ಪತ್ರ ಬರೆಯಲಿ. ಹೋಗಿಬರಲು ವಾಹನ, ಕುಡಿಯಲು ನೀರು, ಕೂರಲು ನೆರಳು, ಹೊಟ್ಟೆತುಂಬ ಊಟ ಇರಲಿ. ಹೆಣ್ಣುಮಕ್ಕಳಿಗೆ ಬಟ್ಟೆ ಬದಲಿಸಲು ಒಂದು ಕೋಣೆ, ಜೊತೆಗೆ ಒಬ್ಬ ಶಿಕ್ಷಕಿ ಇರಲಿ. ಪೋಷಕರ ಒಪ್ಪಿಗೆ ಪಡೆದು, ಕತ್ತಲಾಗುವ ಮುಂಚೆ ಮಕ್ಕಳನ್ನು ಊರಿಗೆ ತಲುಪಿಸಲಿ. ನುಡಿಸಿದ ಮೇಲೆ ಕಾಲೇಜಿನ ಗ್ರಂಥಾಲಯ, ಪ್ರಯೋಗಾಲಯ ತೋರಿಸಲಿ. ಮೈಕಿನಲ್ಲಿ ಶಾಲೆಯ ಹೆಸರನ್ನು ಸರಿಯಾಗಿ ಹೇಳಲಿ.

ಓದು ಹಾಳಾಗುವುದಿಲ್ಲವೇ ಎಂದು ಪೋಷಕರು ಕೇಳುತ್ತೀರಿ, ನ್ಯಾಯವಾದ ಪ್ರಶ್ನೆ. ಪೂರ್ವಸಿದ್ಧತಾ ಪರೀಕ್ಷೆ ಹತ್ತಿರ ಬಂದಾಗ ಹತ್ತನೆಯವರನ್ನು ಬಿಡೋಣ. ಎಂಟು, ಒಂಬತ್ತನೆಯವರು ಮುಂದೆ ಬರಲಿ. ಹೀಗೆ ಮಾಡಿದರೆ ಹಿರಿಯರಿಂದ ಕಿರಿಯರಿಗೆ ವಿದ್ಯೆಯೂ ಇಳಿಯುತ್ತದೆ. ಚೆನ್ನಾಗಿ ಪಳಗಿದ ತಂಡಕ್ಕೆ ಮೇಲಕ್ಕೆ ದಾರಿಯೂ ಇದೆ. ಗಣರಾಜ್ಯೋತ್ಸವದ ಅಂಗವಾಗಿ ರಾಷ್ಟ್ರಮಟ್ಟದ ಶಾಲಾ ಬ್ಯಾಂಡ್ ಸ್ಪರ್ಧೆ ನಡೆಯುತ್ತದೆ. ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಬೇರೆ ಬೇರೆ ವಿಭಾಗಗಳಿವೆ.

ಹಳೆಯ ವಿದ್ಯಾರ್ಥಿಗಳಲ್ಲಿ ನನ್ನ ಕೋರಿಕೆ ಎರಡು. ಈ ಮಹೋತ್ಸವಕ್ಕೆ ಕೂಡಿದ ಹಣದಲ್ಲಿ ಉಳಿದದ್ದರಿಂದ ಡ್ರಮ್ಮುಗಳಿಗೆ ಹೊಸ ಹೊದಿಕೆ ಹಾಕಿಸೋಣ, ವಾರಕ್ಕೆ ಎರಡು ದಿನ ಕಲಿಸುವವರಿಗೆ ಗೌರವಧನ ಕೊಡೋಣ. ನಿಮ್ಮಲ್ಲಿ ಕಾಲೇಜುಗಳಲ್ಲಿ ಪಾಠ ಮಾಡುವವರಿದ್ದೀರಿ, ಆಡಳಿತ ಮಂಡಳಿಯಲ್ಲಿರುವವರಿದ್ದೀರಿ. ಮುಂದಿನ ಕ್ರೀಡಾಕೂಟದ ಆಹ್ವಾನ ಪತ್ರಿಕೆ ಅಚ್ಚಿಗೆ ಹೋಗುವ ಮೊದಲು ಅದರಲ್ಲಿ ಒಂದು ಸಾಲು ಸೇರಿಸಿ: ‘ಬ್ಯಾಂಡ್ ವಾದನ: ಸರ್ಕಾರಿ ಪ್ರೌಢಶಾಲೆ, ಆತಗೂರು’. ಆ ಸಾಲು ಅಚ್ಚಾಗಿ ಬಂದ ದಿನ ಮಕ್ಕಳು ತಾವಾಗಿಯೇ ಅಭ್ಯಾಸಕ್ಕೆ ನಿಲ್ಲುತ್ತಾರೆ.