ಕ್ಯಾಸೆಟ್ಟಿನೊಳಗಿನ ಮದುವೆಮನೆ

ನಿಮ್ಮ ಮನೆಯ ಲಾಫ್ಟಿನಲ್ಲೋ ಕಪಾಟಿನ ತಳದಲ್ಲೋ ಹಳೆಯ ವಿಡಿಯೋ ಕ್ಯಾಸೆಟ್‌ಗಳಿದ್ದಾವು. ಊರಿನಲ್ಲಾದ ಮದುವೆ, ಮಗುವಿನ ನಾಮಕರಣ, ಅಜ್ಜನ ಷಷ್ಟ್ಯಬ್ದಿ. ಈ ವಾರ ಅವನ್ನು ಕೆಳಗಿಳಿಸಿ ನೋಡಿ.

ವಿಎಚ್ಎಸ್ ಕ್ಯಾಸೆಟ್ 1976ರಲ್ಲಿ ಜಪಾನಿನ ಮಾರುಕಟ್ಟೆಗೆ ಬಂತು. ಅಲ್ಲಿನದೇ ಫುನಾಯ್ ಕಂಪನಿ 2016ರಲ್ಲಿ ವಿಸಿಆರ್ ತಯಾರಿಕೆ ನಿಲ್ಲಿಸಿತು. ಈಗ ಹಳೆಯ ಯಂತ್ರಗಳೇ ಗತಿ. ಅತ್ತ ಟೇಪಿಗೂ ಆಯಸ್ಸಿದೆ. ಪ್ಲಾಸ್ಟಿಕ್ ಪಟ್ಟಿಗೆ ಅಂಟಿಸಿದ ಕಾಂತೀಯ ಪುಡಿಯಲ್ಲಿ ಚಿತ್ರವಿರುತ್ತದೆ. ಮುಂಬೈ, ಚೆನ್ನೈಗಳ ಕಡಲ ತೇವಕ್ಕೆ ಆ ಅಂಟು ಕೆಡುತ್ತದೆ, ಬೂಷ್ಟೂ ಹಿಡಿಯುತ್ತದೆ.

ಕ್ಯಾಸೆಟ್ಟಿನ ಕಿಟಕಿಯಲ್ಲಿ ಬಿಳಿ ಬೂಷ್ಟು ಕಂಡರೆ ವಿಸಿಆರ್‌ಗೆ ಹಾಕಲೇಬೇಡಿ, ಬೇರೆ ಟೇಪುಗಳಿಗೂ ಅಂಟೀತು. ಬಲ್ಲವರಿಂದ ಶುಚಿ ಮಾಡಿಸಿ. ಟೇಪು ಚೆನ್ನಾಗಿದ್ದರೆ ಅದರ ಬೆನ್ನಿನಲ್ಲಿರುವ ಪುಟ್ಟ ಪ್ಲಾಸ್ಟಿಕ್ ಚೂರನ್ನು ಮುರಿದುಬಿಡಿ. ಆಮೇಲೆ ಕೈತಪ್ಪಿ ಅದರ ಮೇಲೆ ಬೇರೇನೂ ರೆಕಾರ್ಡ್ ಆಗದು. ವಿಸಿಆರ್‌ನಿಂದ ಕಂಪ್ಯೂಟರಿಗೆ ಚಿತ್ರ ಸೇರಿಸಲು ಯುಎಸ್‌ಬಿ ಕ್ಯಾಪ್ಚರ್ ಸಾಧನ ಬೇಕು. ಅಂಗಡಿಗೆ ಕೊಡುವುದಾದರೆ ಡಿವಿಡಿ ಮಾತ್ರ ಸಾಲದು, ಕಂಪ್ಯೂಟರ್ ಫೈಲೂ ಬೇಕೆಂದು ಹೇಳಿ. ನಮ್ಮಲ್ಲಿ ಬಳಕೆಯಲ್ಲಿದ್ದದ್ದು ಪಾಲ್ ಪದ್ಧತಿ. ಅಮೆರಿಕದ ನೆಂಟರು ಕಳಿಸಿದ ಟೇಪು ಎನ್‌ಟಿಎಸ್‌ಸಿ ಆಗಿರುತ್ತದೆ. ಅದನ್ನೂ ಮೊದಲೇ ತಿಳಿಸಿ.

ಮೂರು ಗಂಟೆಯ ಟೇಪು ಇಳಿಸಲು ಮೂರು ಗಂಟೆಯೇ ಬೇಕು. ಮನೆಯಲ್ಲೇ ಇಳಿಸುವುದಾದರೆ ಆ ಹೊತ್ತನ್ನು ವ್ಯರ್ಥ ಮಾಡಬೇಡಿ. ಮನೆಯ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಪಂಕ್ತಿಯಲ್ಲಿ ಕುಳಿತವರು ಯಾರು, ಹಸೆಯ ಹತ್ತಿರ ಹಾಡುತ್ತಿರುವವರು ಯಾವ ಮನೆಯವರು ಎಂದು ಕೇಳಿ ಬರೆದಿಡಿ. ಯಂತ್ರ ಮುಖಗಳನ್ನು ಉಳಿಸಿಕೊಡುತ್ತದೆ, ಹೆಸರುಗಳನ್ನಲ್ಲ. ಪರಊರಿನಲ್ಲಿ ಬೆಳೆದ ನಮ್ಮ ಮಕ್ಕಳಿಗೆ ನಾಳೆ ಆ ಹೆಸರು ಹೇಳುವವರು ಯಾರಿದ್ದಾರೆ?

ಫೈಲಿಗೆ ವರ್ಷ, ಊರು, ಸಮಾರಂಭದ ಹೆಸರಿಡಿ. ಎರಡು ಹಾರ್ಡ್ ಡಿಸ್ಕಿಗೆ ಪ್ರತಿ ಮಾಡಿ ಒಂದನ್ನು ಊರಿನ ಮನೆಗೆ ಕಳಿಸಿ. ಮೂಲ ಟೇಪನ್ನು ಎಸೆಯಬೇಡಿ.

ಎಲ್ಲಿಂದ ಆರಂಭಿಸುವುದು ಎನ್ನುತ್ತೀರಾ? ಯಾರ ದನಿ ಇನ್ನೆಲ್ಲೂ ಕೇಳಸಿಗದೋ, ಅವರಿರುವ ಟೇಪಿನಿಂದ.