ಸೈಕಲ್ಲಿನ ದೀಪಕ್ಕೆ ಯಾವ ಬಣ್ಣ?
(ಚಿಕ್ಕಪಡಸಲಗಿಯ ಸ್ವಸಹಾಯ ಸಂಘಗಳ ಸಭೆಯಲ್ಲಿ ಆಡಿದ ಮಾತು)



ಕಬ್ಬಿನ ಹಂಗಾಮಿನೊಳಗ ಕತ್ತಲಾದರೂ ಟ್ರ್ಯಾಕ್ಟರ್ ನಿಲ್ಲೂದಿಲ್ಲ. ಅವುಗಳ ನಡುವೆಯೇ ನಮ್ಮ ಮಕ್ಕಳು ಸೈಕಲ್ ಮ್ಯಾಲೆ ಬರತಾರ. ಜಾತ್ರಿಯ ಹಸಿರು, ನೀಲಿ ಮಿಣುಕು ದೀಪ ಬೆನ್ನಚೀಲಕ್ಕ ಕಟ್ಟಿದರ ಸಾಕು ಅಂತ ನಾವೂ ಅಂದುಕೊಂಡಿದ್ದೆವು.

1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಸಾಮಾನ್ಯ ವಾಹನ ಮುಂದಕ್ಕೆ ಕೆಂಪು ದೀಪ ತೋರಿಸಬಾರದು. ಹಿಂಬದಿಯ ಗುರುತಿನ ದೀಪ ಕೆಂಪೇ ಇರಬೇಕು. (ಎಷ್ಟೋ ಟ್ರೇಲರಿಗೆ ಅದೂ ಇರೂದಿಲ್ಲ, ಆ ಮಾತು ಬ್ಯಾರೆ.) ಸೈಕಲ್ ಮೋಟಾರು ವಾಹನವಲ್ಲ, ಈ ನಿಯಮ ಅದಕ್ಕೆ ನೇರವಾಗಿ ತಾಗದು. ಆದರೆ ಚಾಲಕರ ಕಣ್ಣು ಇದಕ್ಕೇ ರೂಢಿಯಾಗಿದೆ. ಕೆಂಪು ಕಂಡರೆ ಮುಂದೆ ಹೋಗುತ್ತಿರುವವರು, ಬಿಳಿ ಕಂಡರೆ ಎದುರು ಬರುವವರು. ನೀಲಿ ಕಂಡರ ಏನಂತ ತಿಳೀಬೇಕು? ಬೆನ್ನಿಗೆ ಬಿಳಿ ದೀಪವಂತೂ ಬ್ಯಾಡ್ರಿ.

ಹಿಂದಿನ ಮಡ್‌ಗಾರ್ಡಿನ ಕೆಂಪು ರಿಫ್ಲೆಕ್ಟರನ್ನು ಅರಿವಿಯಿಂದ ಒರಸ್ರಿ. ಧೂಳು ಕೂತರ ಹೊಳಿಯೂದಿಲ್ಲ. ಒಡೆದಿದ್ದರ ಮುಂದಿನ ವಾರದ ಸಭೆಯೊಳಗ ಹೇಳ್ರಿ, ಕೂಡಿ ತರಿಸೋಣ.