ಜೀವಕೋಶದ ದುರಸ್ತಿ ಕೆಲಸ ಮತ್ತು ಡಾ. ಅಝೀಝ್ ಸಂಜರ್

(ಸಂಘದ ವಾರ್ಷಿಕ ಸಭೆಯಲ್ಲಿ ವಿದ್ಯಾರ್ಥಿಗಳನ್ನು ಉದ್ದೇಶಿಸಿ ಮಾಡಿದ ಭಾಷಣ)



ಕ್ಯಾನ್ಸರ್ ಎಂದೊಡನೆ ನಮ್ಮ ಮನೆಗಳಲ್ಲಿ ದನಿ ತಗ್ಗುತ್ತದೆ. ಹೆಸರು ಹೇಳಲೂ ಅಂಜಿ ‘ದೊಡ್ಡ ಕಾಯಿಲೆ’ ಎನ್ನುತ್ತೇವೆ. ಈ ಅಂಜಿಕೆ ಹೋಗಬೇಕಾದರೆ ರೋಗ ಹೇಗೆ ಹುಟ್ಟುತ್ತದೆ ಎಂಬ ತಿಳಿವಳಿಕೆ ಬೇಕು. ಆ ತಿಳಿವಳಿಕೆಗೆ ಬುನಾದಿ ಹಾಕಿದವರಲ್ಲಿ ಡಾ. ಅಝೀಝ್ ಸಂಜರ್ ಒಬ್ಬರು.

ಟರ್ಕಿಯ ಮಾರ್ದಿನ್ ಪ್ರಾಂತದ ಸಾವುರ್ ಎಂಬ ಸಣ್ಣ ಊರಿನಲ್ಲಿ 1946ರಲ್ಲಿ ಅವರು ಹುಟ್ಟಿದರು. ಎಂಟು ಮಕ್ಕಳಲ್ಲಿ ಏಳನೆಯವರು. ತಂದೆ ತಾಯಿ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಆದರೆ ಮಕ್ಕಳು ಓದಲೇಬೇಕೆಂದು ಪಟ್ಟು ಹಿಡಿದವರು. 1969ರಲ್ಲಿ ಇಸ್ತಾಂಬುಲ್‌ನಲ್ಲಿ ವೈದ್ಯ ಪದವಿ ಪಡೆದು, ಕೆಲಕಾಲ ತಮ್ಮ ಸೀಮೆಯಲ್ಲೇ ವೈದ್ಯರಾಗಿದ್ದರು. ಮುಂದೆ ಅಮೆರಿಕಕ್ಕೆ ಹೋಗಿ 1977ರಲ್ಲಿ ಡಲ್ಲಾಸ್‌ನ ಟೆಕ್ಸಾಸ್ ವಿಶ್ವವಿದ್ಯಾನಿಲಯದಿಂದ ಡಾಕ್ಟರೇಟ್ ಪಡೆದರು.

ವಿದ್ಯಾರ್ಥಿಗಳೇ, ಮುಂದಿನದನ್ನು ಗಮನವಿಟ್ಟು ಕೇಳಿ. ಡಾಕ್ಟರೇಟ್ ನಂತರ ಅವರು ಮೂರು ಪ್ರಯೋಗಾಲಯಗಳಿಗೆ ಅರ್ಜಿ ಹಾಕಿದರು. ಮೂರೂ ಕಡೆ ‘ಇಲ್ಲ’ ಎಂಬ ಉತ್ತರ ಬಂತು. ಕೊನೆಗೆ ಯೇಲ್ ವಿಶ್ವವಿದ್ಯಾನಿಲಯದಲ್ಲಿ ಲ್ಯಾಬ್ ಟೆಕ್ನಿಷಿಯನ್ ಕೆಲಸಕ್ಕೆ ಸೇರಿದರು. ಹುದ್ದೆ ಚಿಕ್ಕದು, ಆದರೆ ಅಲ್ಲಿಯೇ ಅವರ ದೊಡ್ಡ ಸಂಶೋಧನೆಗೆ ದಾರಿ ತೆರೆಯಿತು.

ಆ ಸಂಶೋಧನೆ ಏನು? ನಮ್ಮ ಬಹುತೇಕ ಎಲ್ಲ ಜೀವಕೋಶಗಳಲ್ಲೂ ಡಿಎನ್ಎ ಎಂಬ ಎರಡು ಎಳೆಗಳ ಬರಹವಿದೆ. ಬಿಸಿಲಿನ ನೇರಳಾತೀತ ಕಿರಣ, ತಂಬಾಕಿನ ಹೊಗೆ ಇವು ಆ ಬರಹವನ್ನು ಕೆಡಿಸುತ್ತವೆ. ಕೆಟ್ಟದ್ದು ಹಾಗೆಯೇ ಉಳಿದರೆ ತಪ್ಪು ಪ್ರತಿಗಳು ಹುಟ್ಟಿ, ಕ್ರಮೇಣ ಕ್ಯಾನ್ಸರ್‌ಗೆ ಕಾರಣವಾಗಬಹುದು. ಆದರೆ ಜೀವಕೋಶ ಕೈಕಟ್ಟಿ ಕೂರುವುದಿಲ್ಲ. ಕೆಟ್ಟ ಜಾಗದ ಎರಡೂ ಬದಿ ಕತ್ತರಿಸಿ, ಆ ತುಂಡನ್ನು ತೆಗೆದು, ಎದುರಿನ ಎಳೆಯನ್ನು ನೋಡಿಕೊಂಡು ಹೊಸದನ್ನು ತುಂಬುತ್ತದೆ. ಹರಿದ ಬಟ್ಟೆಗೆ ದರ್ಜಿ ತೇಪೆ ಹಾಕಿದಂತೆ! ಈ ಕತ್ತರಿಯ ಕೆಲಸವನ್ನು ಸಂಜರ್ ಮೊದಲು ಬ್ಯಾಕ್ಟೀರಿಯಾದಲ್ಲಿ, ಆಮೇಲೆ ಮನುಷ್ಯರ ಜೀವಕೋಶದಲ್ಲಿ ವಿವರವಾಗಿ ತೋರಿಸಿದರು. ಇದಕ್ಕಾಗಿ 2015ರಲ್ಲಿ ಥಾಮಸ್ ಲಿಂಡಾಲ್ ಮತ್ತು ಪಾಲ್ ಮಾಡ್ರಿಚ್ ಅವರೊಂದಿಗೆ ರಸಾಯನಶಾಸ್ತ್ರದ ನೊಬೆಲ್ ಪಡೆದರು.

ಈ ದುರಸ್ತಿ ವ್ಯವಸ್ಥೆಯೇ ಹುಟ್ಟಿನಿಂದ ಕೆಟ್ಟಿದ್ದರೆ? ಝೀರೋಡರ್ಮಾ ಪಿಗ್ಮೆಂಟೋಸಮ್ ಎಂಬ ಕಾಯಿಲೆಯ ಮಕ್ಕಳಿಗೆ ಬಿಸಿಲೇ ಶತ್ರು. ಎಳೆಯ ವಯಸ್ಸಿನಲ್ಲೇ ಚರ್ಮದ ಕ್ಯಾನ್ಸರ್ ಬರುತ್ತದೆ. ತಂದೆ ತಾಯಿ ಇಬ್ಬರಿಂದಲೂ ದೋಷವುಳ್ಳ ಜೀನ್ ಬಂದಾಗ ಮಾತ್ರ ಈ ರೋಗ ಕಾಣಿಸುತ್ತದೆ. ಆದ್ದರಿಂದ ಹತ್ತಿರದ ರಕ್ತಸಂಬಂಧದ ಮದುವೆಗಳಲ್ಲಿ ಇದರ ಸಾಧ್ಯತೆ ಹೆಚ್ಚು. ಇಂತಹ ಸಂಬಂಧ ಬೆಳೆಸುವ ನಮ್ಮ ಕುಟುಂಬಗಳು ಇದನ್ನು ಯೋಚಿಸಬೇಕು.

ಚಿಕಿತ್ಸೆಗೂ ಇದರ ನಂಟಿದೆ. ಸಿಸ್‌ಪ್ಲಾಟಿನ್ ಎಂಬ ಔಷಧಿ ಕ್ಯಾನ್ಸರ್ ಕೋಶದ ಡಿಎನ್ಎಯನ್ನು ಕೆಡಿಸಿ ಅದನ್ನು ಕೊಲ್ಲುತ್ತದೆ. ಆದರೆ ಅದೇ ದುರಸ್ತಿ ಕೆಲಸ ಕ್ಯಾನ್ಸರ್ ಕೋಶವನ್ನೂ ಉಳಿಸಬಲ್ಲದು. ದುರಸ್ತಿಯ ವೇಗ ದಿನದ ಹೊತ್ತಿಗೆ ತಕ್ಕಂತೆ ಏರಿಳಿಯುತ್ತದೆ ಎಂದು ಸಂಜರ್ ತಂಡ ಇಲಿಗಳಲ್ಲಿ ಕಂಡುಕೊಂಡಿತು. ಔಷಧಿಯನ್ನು ಯಾವ ಹೊತ್ತಿನಲ್ಲಿ ಕೊಟ್ಟರೆ ಒಳಿತು ಎಂಬ ಹುಡುಕಾಟಕ್ಕೆ ಇದು ದಾರಿ ಮಾಡಿದೆ.

2017ರಲ್ಲಿ ಅದೇ ತಂಡ, ಸಿಗರೇಟು ಹೊಗೆಯಲ್ಲಿರುವ ಬೆಂಜೋಪೈರೀನ್ ಮಾಡುವ ಹಾನಿ ಡಿಎನ್ಎಯ ಎಲ್ಲೆಲ್ಲಿ ದುರಸ್ತಿಯಾಗುತ್ತದೆ ಎಂಬ ನಕ್ಷೆ ತಯಾರಿಸಿತು. ದೇಹ ದುರಸ್ತಿ ಮಾಡುತ್ತದೆ ನಿಜ. ಆದರೆ ದಿನವೂ ಹರಿಯುತ್ತಿದ್ದರೆ ಯಾವ ದರ್ಜಿ ತಾನೇ ಎಷ್ಟು ಹೊಲಿದಾನು? ಯುವಕರೇ, ಬೀಡಿ, ಸಿಗರೇಟು, ಗುಟ್ಕಾಗಳನ್ನು ಮುಟ್ಟಬೇಡಿ. ಮನೆಯಲ್ಲಿ ಯಾರ ಬಾಯಿಯಲ್ಲಾದರೂ ಮೂರು ವಾರ ಕಳೆದರೂ ಮಾಯದ ಹುಣ್ಣಿದ್ದರೆ ವೈದ್ಯರಲ್ಲಿಗೆ ಕರೆದೊಯ್ಯಿರಿ. ಬೇಗ ಪತ್ತೆಯಾದರೆ ಗುಣವಾಗುವ ಸಾಧ್ಯತೆ ಬಹಳ ಹೆಚ್ಚು.

ಕೊನೆಯದಾಗಿ ಹಿರಿಯರಲ್ಲಿ ಒಂದು ಮಾತು. ಸಂಜರ್ ಮತ್ತು ಅವರ ಪತ್ನಿ, ಸ್ವತಃ ವಿಜ್ಞಾನಿಯಾದ ಗ್ವೆನ್, ಚಾಪೆಲ್ ಹಿಲ್‌ನಲ್ಲಿ ಟರ್ಕಿಯಿಂದ ಬರುವ ವಿದ್ಯಾರ್ಥಿಗಳಿಗಾಗಿ ಒಂದು ಮನೆಯನ್ನೇ ನಡೆಸಿದರು. ತಾವು ಹತ್ತಿದ ಏಣಿಯನ್ನು ಹಿಂದಿನವರಿಗಾಗಿ ಹಿಡಿದು ನಿಂತರು. ನಮ್ಮ ಸಂಘದ ಕೆಲಸವೂ ಅದೇ. ಮಗನಿಗಷ್ಟೇ ಅಲ್ಲ, ಮಗಳಿಗೂ ವಿಜ್ಞಾನ ಓದಿಸಿ. ಸೀಟು ಸಿಗದ, ಅರ್ಜಿ ತಿರಸ್ಕೃತವಾದ ಮಕ್ಕಳ ಬೆನ್ನು ತಟ್ಟಿ. ಮೂರು ಬಾಗಿಲು ಮುಚ್ಚಿದ ಮೇಲೂ ನಾಲ್ಕನೆಯದನ್ನು ತಟ್ಟುವ ಧೈರ್ಯ ಅವರಿಗೆ ಬರಲಿ.